ಆರನೇ ಕ್ಲಾಸಿಗಿ ಇಂಗ್ಲಿಷ್ ಕಲಿಸ್ಲಿಕ್ಕ ಯಾವ ಪದ್ಧತಿ ಹಿಡೀಬೇಕ್ರಿ ಸರ್?

ಪ್ರಶ್ನೆ (ಅತಿಥಿ ಶಿಕ್ಷಕಿ, ಗುರುಮಠಕಲ್ ಕಡಿ): ನಮಸ್ಕಾರ್ರಿ ಸರ್. ಸರ್ಕಾರಿ ಸಾಲ್ಯಾಗ ಆರನೇ ಕ್ಲಾಸಿಗಿ ಇಂಗ್ಲಿಷ್ ತಗೊಳ್ತೀನಿ. ಮಕ್ಕಳು ಪಾಠ ಗಡಗಡ ಓದ್ತಾವ, ಪ್ರಶ್ನೋತ್ತರ ಬಾಯಿಪಾಠ ಅದ, ಆದ್ರ 'ವೇರ್ ಈಸ್ ಯುವರ್ ಬುಕ್' ಅಂದ್ರ ಒಬ್ಬರ ಮಾರಿ ಒಬ್ಬರು ನೋಡ್ತಾವ. ಹಿರಿಯ ಮಾಸ್ತರ್ರು ಸಾಲ್‌ಸಾಲಿಗೂ ಕನ್ನಡದಾಗ ಅರ್ಥ ಹೇಳಿ ಗ್ರಾಮರ್ ಬರೆಸ್ರಿ ಅಂತಾರ, ಟ್ರೇನಿಂಗ್‌ದಾಗ ಕ್ಲಾಸಿನಾಗ ಕನ್ನಡ ಬಾಯಿಗೇ ತರಬ್ಯಾಡ್ರಿ ಅಂದ್ರು, ಯೂಟ್ಯೂಬ್ ತೆಗೆದ್ರ ಬರೀ ಆಕ್ಟಿವಿಟಿ. ಯಾವ್ದು ಖರೆ ಅಂತ ತಿಳೀವಲ್ದು.

ಉತ್ತರ (ಇಂಗ್ಲಿಷ್ ಶಿಕ್ಷಕರ ತರಬೇತುದಾರ, ಕಲಬುರಗಿ): ಅಕ್ಕೋರೆ, ಅರ್ಥ ಹೇಳಿ ಗ್ರಾಮರ್ ಬರೆಸೋದು ಯುರೋಪಿನಾಗ ಲ್ಯಾಟಿನ್, ಗ್ರೀಕ್ ಕಲಿಸ್ತಿದ್ದ ರೀತಿ. ಅಲ್ಲಿ ಹಳೀ ಪುಸ್ತಕ ಓದ್ಲಿಕ್ಕ ಬಂದ್ರ ಸಾಕಿತ್ತು, ನಿಮ್ ಮಕ್ಕಳು ಬಾಯಿ ಬಿಡಬೇಕಲ್ಲ. ಮತ್ತ ನಮ್ ಭಾಗದಾಗ ಇನ್ನೊಂದು ತೊಡಕು ಅದ, ನಿಮ್ ಕಡಿ ಮನ್ಯಾಗ ತೆಲುಗು ಮಾತಾಡೋ ಮಕ್ಕಳು ಇರ್ತಾವ, ತಾಂಡಾದಿಂದ ಬರೋವು ಲಂಬಾಣಿ, ಕೆಲವು ಉರ್ದು, ಇತ್ತ ಆಳಂದ-ಬೀದರ ಕಡಿ ಮರಾಠಿ. ಅಂಥ ಕೂಸಿಗಿ ನೀವು ಕನ್ನಡದಾಗ ಅರ್ಥ ಹೇಳಿದ್ರೂ ಅದು ಸಾಲ್ಯಾಗ ಕಲಿತ ಭಾಷಾನೇ ಆಗ್ತದ, ಎರಡು ಸಲ ದಾಟಬೇಕಾಗ್ತದ.

ಕನ್ನಡ ಬ್ಯಾಡೇ ಬ್ಯಾಡ ಅನ್ನೋದು ಡೈರೆಕ್ಟ್ ಮೆಥಡ್. 1878 ರಾಗ ಬರ್ಲಿಟ್ಜ್ ಅನ್ನೋರು ಅಮೆರಿಕಾದಾಗ ಇದೇ ರೀತಿದು ಭಾಷಾ ಸಾಲಿ ತೆಗೆದ್ರು, ಅಲ್ಲಿ ಸಣ್ಣ ಕ್ಲಾಸು, ಫೀ ಕೊಟ್ಟು ಬರೋ ದೊಡ್ಡೋರು, ಕಲಿಸೋರ ಮಾತೃಭಾಷಾನೇ ಅದು. ಅದನ್ನ ತಂದು ಹೆದರಿದ ಮಕ್ಕಳ ಮ್ಯಾಲ ಹಾಕಿದ್ರ ಅವು ಇನ್ನೂ ಬಾಯಿ ಮುಚ್ಕೊಂಡು ಕೂಡ್ತಾವ. 'ದಿಸ್ ಈಸ್ ಎ ಪೆನ್' ಅಂತ ಹೇಳಿಸಿದ್ದೇ ಹೇಳಿಸೋ ಡ್ರಿಲ್ ಉಚ್ಚಾರಕ್ಕ, ರೂಢಿಗಿ ಥೋಡೆ ಇರ್ಲಿ, ಪೂರಾ ಪೀರಿಯಡ್ ಬ್ಯಾಡ.

ನನಗ ಮನಸ್ಸಿಗಿ ಹತ್ತಿದ್ದು ನಮ್ ದಕ್ಷಿಣದಾಗೇ ಹುಟ್ಟಿದ ಪದ್ಧತಿ. ಇಂಗ್ಲಿಷ್ ಕಲಿಸೋದ್ರಾಗ ತಜ್ಞರಾದ ಎನ್.ಎಸ್. ಪ್ರಭು ಅವ್ರು 1979 ರಿಂದ 1984 ರ ತನಕ ಬೆಂಗಳೂರು, ಮದ್ರಾಸ್ ಕಡಿ ಸಾದಾ ಸಾಲಿಗಳಾಗ ಮಾಡಿದ ಪ್ರಯೋಗ, ಬೆಂಗಳೂರು ಪ್ರಾಜೆಕ್ಟ್ ಅಂತ ಹೊರದೇಶದಾಗೂ ಹೆಸರಾತು. ಗ್ರಾಮರ್ ಪಟ್ಟಿ ಬದಲಿ ಮಕ್ಕಳ ಮುಂದ ತಲಿ ಓಡಿಸಿ ಬಿಡಿಸೋ ಒಂದು ಲೆಕ್ಕ (ಟಾಸ್ಕ್ ಅಂತಾರ) ಇಡೋದು, ರೈಲ್ವೆ ಟೈಂಟೇಬಲ್, ನಕ್ಷೆ ಇಂಥವು. ಮದ್ಲ ಒಂದು ಉದಾಹರಣಿ ಟೀಚರ್ ಎಲ್ಲಾರ ಜೊತಿ ಸೇರಿ ಬಿಡಿಸ್ತಾರ, ಅಂಥದೇ ಇನ್ನೊಂದು ಮಕ್ಕಳು ತಾವೇ ಮಾಡ್ತಾರ. ಮಗುವಿನ ಗಮನ ಉತ್ತರ ಹುಡುಕೋದ್ರ ಮ್ಯಾಲ ಇರ್ತದ, ಆ ಗುಂಗಿನಾಗ ಭಾಷಾ ಒಳಗ ಇಳೀತದ ಅನ್ನೋದು ಅವ್ರ ನಂಬಿಕಿ.

ನಿಮ್ ಕ್ಲಾಸಿನಾಗ ಹಿಂಗ ಮಾಡ್ರಿ. ಬೋರ್ಡಿನ ಮ್ಯಾಲ ಯಾದಗಿರಿಂದ ಕಲಬುರಗಿಗಿ ಹೋಗೋ ಮೂರು ಬಸ್ ಬರೀರಿ, ಬಿಡೋ ಟೈಂ, ಮುಟ್ಟೋ ಟೈಂ. 'ರಾಜು ಹ್ಯಾಸ್ ಟು ರೀಚ್ ದ ಹಾಸ್ಪಿಟಲ್ ಬೈ ಇಲೆವೆನ್. ವಿಚ್ ಬಸ್ ಶುಡ್ ಹೀ ಟೇಕ್?' ಅಂತ ಕೇಳ್ರಿ. 'ಸೆಕೆಂಡ್ ಬಸ್' ಅಂತ ಎರಡೇ ಮಾತು ಬಂದ್ರೂ ತಗೋರಿ, 'ಯೆಸ್, ಹೀ ಶುಡ್ ಟೇಕ್ ದ ಸೆಕೆಂಡ್ ಬಸ್' ಅಂತ ನೀವೇ ಪೂರಾ ಮಾಡಿ ಹೇಳ್ರಿ, 'ವೈ ನಾಟ್ ದ ಥರ್ಡ್?' ಅಂತ ಮುಂದ ಹೋಗ್ರಿ. ಮಕ್ಕಳು ತಮ್ ತಮ್ಮಾಗ ಕನ್ನಡ, ಉರ್ದು, ಲಂಬಾಣಿ ಏನರ ಮಾತಾಡ್ಕೊಳ್ಲಿ, ತಡೀಬ್ಯಾಡ್ರಿ. 'ರೀಚ್' ಅಂದ್ರ ಮುಟ್ಟೋದು ಅಂತ ಒಂದ್ಸಲ ಕನ್ನಡದಾಗ ಹೇಳಿ ಮುಂದ ನಡೀರಿ, ಅಭಿನಯ ಮಾಡಿ ತೋರಿಸ್ಲಿಕ್ಕ ಹತ್ತು ನಿಮಿಷ ಯಾಕ ಕಳೀಬೇಕು?

ಇನ್ನೊಬ್ಬರು (ಹೈಸ್ಕೂಲ್ ಶಿಕ್ಷಕ, ಆಳಂದ): ಸರ್ ಎಲ್ಲಾ ಖರೆ, ಆದ್ರ ಎಸ್ಸೆಸ್ಸೆಲ್ಸಿ ಪೇಪರಿನಾಗ ಗ್ರಾಮರ್ ಕೇಳ್ತಾರ, ರಿಜಲ್ಟ್ ಕಮ್ಮಿ ಬಂದ್ರ ನೋಟೀಸ್ ನಮಗ ಬರ್ತದ.

ಉತ್ತರ: ಗ್ರಾಮರ್ ಬಿಡ್ರಿ ಅಂತ ನಾ ಹೇಳಿಲ್ರಿ ಸರ್, ಹತ್ತನೇತ್ತೆಗಂತೂ ಕಲಿಸಲೇಬೇಕು. ಹುಡುಗ್ರು ತಾವು ಬರೆದ ವಾಕ್ಯದಿಂದ್ಲೇ ತೆಗೀರಿ. ಆ ಬಸ್ಸಿನ ಲೆಕ್ಕ ಬಿಡಿಸುವಾಗ 'ಹೀ ಶುಡ್ ಟೇಕ್ಸ್' ಅಂತ ಬರೆದಿರ್ತಾರ, ಅದನ್ನ ಬೋರ್ಡಿಗಿ ಹಾಕಿ 'ಶುಡ್' ಆದಮ್ಯಾಲ 'ಎಸ್' ಬರಲ್ಲ ಅಂತ ಅಲ್ಲೇ ಹೇಳಿದ್ರ ನಿಯಮ ತಲ್ಯಾಗ ಕೂಡ್ತದ. ಪರೀಕ್ಷಾ ಹತ್ರ ಬಂದಾಗ ಹಳೀ ಪೇಪರ್ ಬಿಡಿಸ್ರಿ. ಆರನೇತ್ತಿಂದ್ಲೇ ಬರೀ ಪರೀಕ್ಷಾ ತಯಾರಿ ಅಂದ್ರ ಆ ಮಕ್ಕಳಿಗಿ ಅನ್ಯಾಯ ಆಗ್ತದ್ರಿ.

ಪ್ರಶ್ನೆ ಕೇಳಿದ ಶಿಕ್ಷಕಿ: ಸರ್ ನಂದೇ ಇಂಗ್ಲಿಷ್ ಅಷ್ಟೇನ್ ಫ್ಲುಯೆಂಟ್ ಇಲ್ರಿ, ಮಕ್ಕಳೂ ಭಾಳ ಅವ, ಜೆರಾಕ್ಸ್ ಮಾಡಿಸ್ಲಿಕ್ಕ ರೊಕ್ಕ ಇಲ್ಲ. ಆಗ್ತದಾ?

ಉತ್ತರ: ಆಗ್ತದ್ರಿ ಅಕ್ಕೋರೆ. ಜೆರಾಕ್ಸ್ ಬ್ಯಾಡ, ಕರಿಹಲಗಿ, ಸೀಮೆಸುಣ್ಣ ಸಾಕು, ಮಕ್ಕಳು ಇಬ್ಬಿಬ್ಬರು ಕೂತು ಒಂದೇ ನೋಟ್‌ಬುಕ್ಕಿನಾಗ ಬರೀಲಿ. ಒಂದು ಟಾಸ್ಕಿಗಿ ಎಂಟ್‌ಹತ್ತು ಪ್ರಶ್ನೆ ಬೇಕಾಗ್ತಾವ ಅಷ್ಟೇ, ಹಿಂದಿನ ರಾತ್ರಿ ಬರ್ಕೊಂಡು ಜೋರಾಗಿ ಓದಿ ನೋಡ್ರಿ, ಮರುದಿನ ಚೀಟಿ ಕೈಯಾಗ ಹಿಡ್ಕೊಂಡೇ ಕೇಳ್ರಿ, ಅದ್ರಾಗ ನಾಚಿಕಿ ಏನಿಲ್ಲ. ಬಸ್ ಆದಮ್ಯಾಲ ಸಂತಿ ರೇಟಿನ ಲೆಕ್ಕ ಕೊಡ್ರಿ, ತೊಗರಿಬ್ಯಾಳಿ, ಉಳ್ಳಾಗಡ್ಡಿ, ನೂರು ರೂಪಾಯ್‌ದಾಗ ಏನೇನ್ ಬರ್ತದ ಅಂತ. ಮದ್ಲಿನ ವಾರ ಗದ್ದಲ ಆಗ್ತದ, ಬಾಜೂ ಕ್ಲಾಸಿನೋರಿಗಿ ಮದ್ಲೇ ಒಂದ್ ಮಾತು ಹೇಳಿಡ್ರಿ. ಮಾಡಿ ನೋಡಿ ಯಾವ ಪ್ರಶ್ನಿಗಿ ಮಕ್ಕಳು ನಿಂತ್ರು ಅಂತ ಇಲ್ಲೇ ಬರೀರಿ, ಕೂಡಿ ಸರಿ ಮಾಡೋಣ.