ಕಾಫಿ ಗೋಡೌನಿಗೆ 1 ಟನ್ ಹಾಯ್ಸ್ಟ್: ಯಾವ ಬೀಮ್ ಹಾಕಿಸಲಿ?

ಪ್ರಶ್ನೆ (ಮೂಡಿಗೆರೆ ಕಡೆಯ ಬೆಳೆಗಾರರು):
ನಮಸ್ಕಾರ ಸರ್. ನಮ್ಮ ಗೋಡೌನಿನಲ್ಲಿ 50 ಕೆಜಿ ಕಾಫಿ ಮೂಟೆಗಳನ್ನು ಆಳುಗಳು ಹೆಗಲ ಮೇಲೆ ಹೊತ್ತು ಲಾರಿಗೆ ಏರಿಸುತ್ತಾರೆ. ಈಗ ಹೊರುವವರೇ ಸಿಗುತ್ತಿಲ್ಲ, ಇರುವವರಿಗೂ ಸೊಂಟ ನೋವು. ಅದಕ್ಕೆ ಒಂದು ಸಲಕ್ಕೆ 12 ಮೂಟೆ ಎತ್ತುವ ಹಾಗೆ 1 ಟನ್ನಿನ ಕರೆಂಟ್ ಹಾಯ್ಸ್ಟ್ ಹಾಕಿಸೋಣ ಅಂತಿದ್ದೇನೆ. ಕಂಬದಿಂದ ಕಂಬಕ್ಕೆ 6 ಮೀಟರ್. ವೆಲ್ಡಿಂಗ್‌ನವರು 200ರ ಎಂಬಿ (200 ಮಿ.ಮೀ. ಎತ್ತರದ, ಐ ಆಕಾರದ ಬೀಮ್) ಸಾಕು ಅಂದರು. ಕಬ್ಬಿಣದ ಅಂಗಡಿಯವರು ಪ್ಯಾರಲಲ್ ಫ್ಲೇಂಜ್ (ಮೇಲಿನ, ಕೆಳಗಿನ ಪಟ್ಟಿ ಅಂದರೆ ಫ್ಲೇಂಜ್ ಒಂದೇ ದಪ್ಪ ಇರುವ ಬೀಮ್) ಹಗುರ, ಅದನ್ನೇ ತಗೊಳ್ಳಿ ಅಂದರು. ಮನೆಯಲ್ಲಿ ಒಂದು ಹಳೇ ಸಿ ಚಾನಲ್ ಬೇರೆ ಬಿದ್ದಿದೆ, ಅದೇ ಆಗುತ್ತಾ?

ಉತ್ತರ (ಸ್ಟ್ರಕ್ಚರಲ್ ಎಂಜಿನಿಯರ್, ಹಾಸನ):
ಸರ್, ಚಾನಲ್ ಮೊದಲು ಮರೆತುಬಿಡಿ. ಅದಕ್ಕೆ ಫ್ಲೇಂಜ್ ಇರುವುದು ಒಂದೇ ಕಡೆ. ಟ್ರಾಲಿಗೆ (ಹಾಯ್ಸ್ಟ್ ಹೊತ್ತು ಬೀಮಿನ ಕೆಳಪಟ್ಟಿಯ ಮೇಲೆ ಓಡುವ ಗಾಡಿಗೆ) ಎರಡೂ ಕಡೆ ಓಡಲು ಜಾಗ ಬೇಕು, ಅಲ್ವಾ? ಹೇಗೋ ನೇತುಹಾಕಿದರೂ ಭಾರ ಒಂದು ಪಕ್ಕಕ್ಕೆ ಬಿದ್ದು ಚಾನಲ್ ತಿರುಚಿಕೊಳ್ಳುತ್ತದೆ.

ಇನ್ನು 200ರ ಎಂಬಿ. ಅದು ಮುರಿಯುತ್ತದೆ ಅಂತ ಅಲ್ಲ, ಬಾಗುತ್ತದೆ. 1 ಟನ್ ಭಾರ, ಹಾಯ್ಸ್ಟ್ ಮತ್ತು ಟ್ರಾಲಿ ಸೇರಿ 1,100 ಕೆಜಿ ಅಂದುಕೊಳ್ಳಿ. ಅದು ನಡುಮಧ್ಯಕ್ಕೆ ಬಂದಾಗ ಬೀಮ್ ಸುಮಾರು 11 ಮಿ.ಮೀ. ಇಳಿಯುತ್ತದೆ. ಕರೆಂಟಿನ ಕ್ರೇನ್ ಓಡುವ ಬೀಮ್ ಉದ್ದದ 750ರಲ್ಲಿ ಒಂದು ಭಾಗಕ್ಕಿಂತ ಜಾಸ್ತಿ ಬಾಗಬಾರದು ಅಂತ ಉಕ್ಕಿನ ಕಟ್ಟಡಗಳ ಭಾರತೀಯ ಮಾನದಂಡ ಐಎಸ್ 800 ಹೇಳುತ್ತದೆ. ನಿಮ್ಮ 6 ಮೀಟರಿಗೆ ಅದು 8 ಮಿ.ಮೀ. 250ರ ಎಂಬಿ ಹಾಕಿದರೆ 5 ಮಿ.ಮೀ. ಒಳಗೇ ನಿಲ್ಲುತ್ತದೆ. 200ರದ್ದು ಮೀಟರ್‌ಗೆ ಸುಮಾರು 25 ಕೆಜಿ, 250ರದ್ದು 37 ಕೆಜಿ. ಇಡೀ ಬೀಮಿಗೆ 70 ಕೆಜಿ ಚಿಲ್ಲರೆ ಕಬ್ಬಿಣ ಜಾಸ್ತಿ, ಅಷ್ಟೇ. ಕೆಳಗೆ ಆಳುಗಳು ಓಡಾಡುವ ಜಾಗ ಸರ್, ಅಲ್ಲಿ ಉಳಿಸಬೇಡಿ.

ಅಂಗಡಿಯವರು ಹೇಳಿದ್ದೂ ಸುಳ್ಳಲ್ಲ. 250 × 125ರ ಪ್ಯಾರಲಲ್ ಫ್ಲೇಂಜ್ ಮೀಟರ್‌ಗೆ 30 ಕೆಜಿಯಷ್ಟೇ ಬರುತ್ತದೆ, ಬಾಗುವುದೂ 6 ಮಿ.ಮೀ. ಆಸುಪಾಸು, ಮಿತಿಯೊಳಗೇ ಇದೆ. ಆದರೆ ಹಾಯ್ಸ್ಟಿಗೆ ಬೀಮಿನ ಎತ್ತರ ಮಾತ್ರ ನೋಡಿದರೆ ಸಾಲದು. ಎಲ್ಲಾ ಭಾರವೂ ನಾಲ್ಕು ಪುಟ್ಟ ಚಕ್ರಗಳ ಮೂಲಕ ಕೆಳಗಿನ ಫ್ಲೇಂಜಿನ ಮೇಲೆ ಕೂರುತ್ತದೆ. ಆ ಫ್ಲೇಂಜು ತನ್ನ ಪಾಡಿಗೆ ಕೆಳಕ್ಕೆ ಮಡಚಿಕೊಳ್ಳಲು ನೋಡುತ್ತದೆ. ಎಂಬಿಯಲ್ಲಿ ಅದು ವೆಬ್ಬಿನ (ನಡುವೆ ನೆಟ್ಟಗೆ ನಿಂತ ಭಾಗದ) ಹತ್ತಿರ ದಪ್ಪ, ಅಂಚಿಗೆ ಹೋದಂತೆ ತೆಳು. ಪ್ಯಾರಲಲ್‌ನಲ್ಲಿ ವೆಬ್ಬಿನಿಂದ ಅಂಚಿನವರೆಗೂ ಒಂದೇ 9 ಮಿ.ಮೀ. 1 ಟನ್ನಿಗೆ ಎರಡೂ ನಡೆಯಬಹುದು. ನಾಳೆ 2 ಟನ್ ಹಾಕುತ್ತೇನೆ ಅಂದರೆ ಫ್ಲೇಂಜಿನ ಲೆಕ್ಕ ಬೇರೆಯಾಗಿ ಮಾಡಿಸಲೇಬೇಕು.

ಇದಕ್ಕಿಂತ ಮುಖ್ಯವಾದದ್ದು ಚಕ್ರ. ಎಂಬಿಯ ಫ್ಲೇಂಜ್ ಒಳಮೈ ಸುಮಾರು 8 ಡಿಗ್ರಿ ಇಳಿಜಾರು, ಅದಕ್ಕೆ ಟೇಪರ್ ಚಕ್ರ ಬೇಕು. ಪ್ಯಾರಲಲ್‌ಗೆ ಚಪ್ಪಟೆ ಚಕ್ರ. ಅದಲು ಬದಲಾದರೆ ಚಕ್ರ ಪೂರ್ತಿ ಕೂರುವುದಿಲ್ಲ, ಒಂದು ಅಂಚಿನ ಮೇಲೇ ಓಡುತ್ತದೆ. ಇಲ್ಲೇ ಹತ್ತಿರದ ಒಂದು ಕಲ್ಲಿನ ಫ್ಯಾಕ್ಟರಿಯಲ್ಲಿ ಹೀಗೇ ಆಗಿತ್ತು. ಆರು ತಿಂಗಳಲ್ಲಿ ಫ್ಲೇಂಜಿನ ತುದಿಯಲ್ಲಿ ಬೆರಳಗಲದ ಪಟ್ಟೆ ಕನ್ನಡಿಯ ಹಾಗೆ ಹೊಳೆಯುತ್ತಿತ್ತು, ಕೆಳಗೆ ನೆಲದ ಮೇಲೆ ಉದ್ದಕ್ಕೂ ಕಬ್ಬಿಣದ ಪುಡಿ. ನಾನು ಕೈಯಿಟ್ಟು ನೋಡಿದೆ, ಅಂಚು ಸುತ್ತಿಗೆಯಲ್ಲಿ ಬಡಿದಂತೆ ಹೊರಕ್ಕೆ ಚಪ್ಪಟೆಯಾಗಿತ್ತು. ಚಕ್ರ, ಬೀಮ್ ಎರಡೂ ಬದಲಾಯಿಸಬೇಕಾಯಿತು.

ಇನ್ನೊಬ್ಬರು (ಫ್ಯಾಬ್ರಿಕೇಟರ್, ಚಿಕ್ಕಮಗಳೂರು):
ಸರ್ ಹೇಳಿದ್ದು ಸರಿ. ಒಂದು ಸೇರಿಸುತ್ತೇನೆ. ಎರಡು ತುಂಡು ಜೋಡಿಸಿದರೆ ಚಕ್ರ ಓಡುವ ಕಡೆ ವೆಲ್ಡಿಂಗ್ ಉಬ್ಬನ್ನು ಗ್ರೈಂಡ್ ಮಾಡಿ ಸಮ ಮಾಡಿಸಿ. ಎರಡೂ ತುದಿಗೆ ಸ್ಟಾಪರ್ ಹಾಕಿಸದೆ ಟ್ರಾಲಿ ಏರಿಸಲೇಬೇಡಿ. ಬೀಮನ್ನು ಹಂಚಿನ ಮಾಡಿನ ಮರಕ್ಕೆ ನೇತುಹಾಕುವ ಯೋಚನೆ ಇದ್ದರೆ ಬಿಡಿ, ಅದಕ್ಕೆ ಅದರದ್ದೇ ಕಂಬ, ಪಾಯ ಬೇಕು.

ಪ್ರಶ್ನೆ ಕೇಳಿದವರು:
ಮಾಡಿಗೆ ಅಲ್ಲ ಅಣ್ಣ, ಕಂಬ ಹೊಸದಾಗಿ ಹಾಕಿಸುತ್ತೇವೆ. ಸರ್, ಗುಜರಿಯಲ್ಲಿ ಒಂದು 250ರ ಬೀಮ್ ನೋಡಿಟ್ಟಿದ್ದೇನೆ. ಅದು ಟೇಪರ್ರೋ ಅಲ್ಲವೋ ಹೇಗೆ ಗೊತ್ತಾಗುವುದು?

ಉತ್ತರ (ಹಾಸನ):
ಕಡಿದ ತುದಿಯಲ್ಲಿ ವರ್ನಿಯರ್ ಹಿಡಿದು ಕೆಳಗಿನ ಫ್ಲೇಂಜನ್ನು ಎರಡು ಕಡೆ ಅಳೆಯಿರಿ, ಅಂಚಿನಲ್ಲಿ ಒಮ್ಮೆ, ವೆಬ್ಬಿನ ಹತ್ತಿರ ಒಮ್ಮೆ. ಎರಡೂ ಒಂದೇ ಆದರೆ ಪ್ಯಾರಲಲ್. ಉದ್ದಕ್ಕೂ ದಾರ ಎಳೆದು ಸೊಟ್ಟ ಇದೆಯಾ ಅಂತಲೂ ನೋಡಿ. ಮಲೆನಾಡಿನ ಮಳೆ ತಿಂದ ಬೀಮಾದರೆ ತುಕ್ಕು ಕೆರೆದ ಮೇಲೆ ಅಳೆಯಿರಿ.

ಪ್ರಶ್ನೆ ಕೇಳಿದವರು:
ಈಗಷ್ಟೇ ಹೋಗಿ ಬಂದೆ ಸರ್. ಅಂಚಿನಲ್ಲಿ 8, ಒಳಗೆ 15 ಮಿ.ಮೀ. ಅಗಲ 125. ದಾರ ನೇರವಾಗಿದೆ.

ಉತ್ತರ (ಹಾಸನ):
ಹಾಗಾದರೆ 250ರ ಎಂಬಿಯೇ, ತಗೊಳ್ಳಿ. ಹಾಯ್ಸ್ಟ್ ಆರ್ಡರ್ ಮಾಡುವಾಗ "ಫ್ಲೇಂಜ್ 125, ಟೇಪರ್ ಚಕ್ರ" ಅಂತ ಬಿಲ್ಲಿನಲ್ಲೇ ಬರೆಸಿ. ಕಂಬದ ಅಳತೆಯ ಫೋಟೋ ಇಲ್ಲೇ ಹಾಕಿ, ಪಾಯ ತೋಡುವ ಮುಂಚೆ ನೋಡಿ ಹೇಳುತ್ತೇನೆ.