‘ಮೈ ಸನ್ ಜಾನ್’ ನೋಡಿದೆ. ಮಗನ ಮೇಲೆ ಕನಿಕರ ಬಂದಿದ್ದು ನನ್ನ ತಪ್ಪಾ?

ಪ್ರಶ್ನೆ

ನಿನ್ನೆ ರಾತ್ರಿ ಅಮ್ಮನ ಜೊತೆ ಕೂತು ‘ಮೈ ಸನ್ ಜಾನ್’ ನೋಡಿದೆ. 1952ರ ಚಿತ್ರ, ಲಿಯೋ ಮೆಕ್ಯಾರಿ ನಿರ್ದೇಶನ. ಅಮ್ಮನಿಗೆ ಇಂಗ್ಲಿಷ್ ಅಷ್ಟಾಗಿ ಬರುವುದಿಲ್ಲ. ನಡುನಡುವೆ ನಾನೇ ಕನ್ನಡದಲ್ಲಿ ಹೇಳುತ್ತಾ ಹೋದೆ.

ನೋಡದವರಿಗೆ ಕಥೆ ಸ್ವಲ್ಪ ಹೇಳುತ್ತೇನೆ. ಅಮೆರಿಕದ ಒಂದು ಸಣ್ಣ ಊರು. ಅಪ್ಪ ಶಾಲೆಯ ಮೇಷ್ಟ್ರು, ಅಮ್ಮ ದೈವಭಕ್ತೆ. ಇಬ್ಬರು ಗಂಡುಮಕ್ಕಳು ಸೈನ್ಯ ಸೇರಿ ಕೊರಿಯಾ ಯುದ್ಧಕ್ಕೆ ಹೊರಟಿದ್ದಾರೆ. ಹಿರಿಯ ಮಗ ಜಾನ್. ಓದಿದವನು, ವಾಷಿಂಗ್ಟನ್‌ನಲ್ಲಿ ಸರ್ಕಾರಿ ಕೆಲಸ. ತಮ್ಮಂದಿರನ್ನು ಬೀಳ್ಕೊಡಲು ಬರುವುದಿಲ್ಲ. ಆಮೇಲೆ ಬಂದಾಗ ಅಪ್ಪನ ಮಾತಿಗೆ ನಗುತ್ತಾನೆ, ಹಳೆಯ ಪ್ರೊಫೆಸರ್ ಜೊತೆ ಹೊತ್ತು ಕಳೆಯುತ್ತಾನೆ. ಅವನು ಕಮ್ಯುನಿಸ್ಟ್ ಇರಬಹುದು ಅಂತ ಮನೆಯವರಿಗೆ ಅನುಮಾನ ಶುರುವಾಗುತ್ತದೆ.

ಬೈಬಲ್ ಮುಟ್ಟಿ ನಾನು ಕಮ್ಯುನಿಸ್ಟ್ ಅಲ್ಲ ಅಂತ ಅವನು ಆಣೆ ಮಾಡುತ್ತಾನೆ. ಅಮ್ಮ ನಂಬುತ್ತಾಳೆ. ಅಪ್ಪ ನಂಬುವುದಿಲ್ಲ. ಕೊನೆಗೆ ಅದೇ ಬೈಬಲ್‌ನಿಂದ ಮಗನ ತಲೆಗೆ ಹೊಡೆದು ನೂಕುತ್ತಾನೆ. ಮಗ ಮೇಜಿನ ಮೇಲೆ ಬಿದ್ದು ಪ್ಯಾಂಟು ಹರಿಯುತ್ತದೆ.

ನನಗೆ ಅಲ್ಲೇ ಹೊಟ್ಟೆಯಲ್ಲಿ ಏನೋ ಆಯಿತು. ಚಿತ್ರ ಆ ಅಪ್ಪನನ್ನು ಸರಿ ಅನ್ನುತ್ತದೆ. ಸ್ವಲ್ಪ ಒರಟ, ಆದರೆ ಅವನ ಮನಸ್ಸಿಗೆ ಮೊದಲೇ ತಿಳಿದಿತ್ತು ಅನ್ನುತ್ತದೆ. ನನಗೆ ಮಾತ್ರ ಆ ಮನೆಯೇ ಭಯ ಹುಟ್ಟಿಸಿತು. ಜಾನ್ ನಿಜವಾಗಿಯೂ ಗೂಢಚಾರ ಅಂತ ಗೊತ್ತಾದ ಮೇಲೂ ನನ್ನ ಕನಿಕರ ಅವನ ಕಡೆಗೇ ಇತ್ತು. ಎಪ್ಪತ್ತು ವರ್ಷದ ನಂತರ ಕೂತು ನೋಡಿ, ನಾನು ಚಿತ್ರಕ್ಕೆ ಅನ್ಯಾಯ ಮಾಡುತ್ತಿದ್ದೀನಾ? ಆ ಕಾಲದವರು ಇದನ್ನು ಹೇಗೆ ನೋಡಿರಬಹುದು?

ಉತ್ತರ 1

ಅನ್ಯಾಯ ಅಂತ ಹೇಳಲಾರೆ. ಆದರೆ ಆ ವರ್ಷಗಳನ್ನು ಸ್ವಲ್ಪ ನೆನಪಿಟ್ಟುಕೊಂಡು ನೋಡಿ. 1950ರ ಜನವರಿಯಲ್ಲಿ ವಿದೇಶಾಂಗ ಇಲಾಖೆಯಲ್ಲಿದ್ದ ಆಲ್ಜರ್ ಹಿಸ್ ಸುಳ್ಳು ಸಾಕ್ಷಿ ಹೇಳಿದ್ದಕ್ಕೆ ಅಪರಾಧಿ ಅಂತ ತೀರ್ಪು ಬಂತು. ಜೂನ್‌ನಲ್ಲಿ ಕೊರಿಯಾ ಯುದ್ಧ ಶುರುವಾಯಿತು. ಚೆನ್ನಾಗಿ ಓದಿದ, ಸರ್ಕಾರದ ಒಳಗೇ ಇರುವ ಹುಡುಗ ಗೂಢಚಾರ ಆಗಬಹುದು ಅನ್ನುವ ಭಯ ಬರೀ ಕಟ್ಟುಕಥೆ ಆಗಿರಲಿಲ್ಲ.

ಭಯದ ಇನ್ನೊಂದು ಮುಖವೂ ಇತ್ತು. 1947ರಲ್ಲಿ ಸಂಸತ್ತಿನ ಸಮಿತಿ ಹಾಲಿವುಡ್‌ನವರನ್ನು ಕರೆದು, ನೀವು ಕಮ್ಯುನಿಸ್ಟರಾ ಅಂತ ಕೇಳಿತು. ಉತ್ತರ ಕೊಡದ ಹತ್ತು ಜನ ಜೈಲಿಗೆ ಹೋದರು. ಎಷ್ಟೋ ಬರಹಗಾರರು ಕೆಲಸ ಕಳೆದುಕೊಂಡರು. ಮೆಕ್ಯಾರಿ ಅದೇ ಸಮಿತಿ ಮುಂದೆ, ಸಮಿತಿಯ ಪರವಾಗಿಯೇ ಸಾಕ್ಷಿ ಹೇಳಿದವರು. ಅವರದೇ ಚಿತ್ರ ‘ಗೋಯಿಂಗ್ ಮೈ ವೇ’ ರಷ್ಯಾದಲ್ಲಿ ಯಾಕೆ ದುಡ್ಡು ಮಾಡಲಿಲ್ಲ ಅಂತ ಕೇಳಿದಾಗ, ಅದರಲ್ಲಿ ರಷ್ಯಾದವರಿಗೆ ಇಷ್ಟವಾಗದ ಒಂದು ಪಾತ್ರ ಇದೆ, ಅದು ದೇವರು ಅಂದರು. ಆ ನಂಬಿಕೆಯಿಂದಲೇ ಈ ಚಿತ್ರವನ್ನೂ ಮಾಡಿದ್ದಾರೆ. ಬೈಬಲ್ ಏಟು ಅವರಿಗೆ ಕ್ರೌರ್ಯ ಅನ್ನಿಸಿರಲಿಕ್ಕಿಲ್ಲ.

ಉತ್ತರ 2

ನಿಮ್ಮ ಕನಿಕರಕ್ಕೆ ಅರ್ಧ ಕಾರಣ ರಾಬರ್ಟ್ ವಾಕರ್. ಜಾನ್ ಪಾತ್ರ ಮಾಡಿದವರು. ಚಿತ್ರ ಮುಗಿಯುವ ಮುಂಚೆ, 1951ರ ಆಗಸ್ಟ್‌ನಲ್ಲಿ ತೀರಿಕೊಂಡರು. ಬರೀ 32 ವಯಸ್ಸು. ಕೊನೆಯನ್ನು ಹೇಗೋ ಹೊಂದಿಸಬೇಕಾಯಿತು. ಟ್ಯಾಕ್ಸಿಯಲ್ಲಿ ಗುಂಡು ತಿಂದು, ಲಿಂಕನ್ ಸ್ಮಾರಕದ ಮೆಟ್ಟಿಲ ಹತ್ತಿರ ಜಾನ್ ಸಾಯುತ್ತಾನಲ್ಲ, ಅಲ್ಲಿ ಕಾಣುವ ಮುಖ ಹಿಚ್‌ಕಾಕ್ ಅವರ ‘ಸ್ಟ್ರೇಂಜರ್ಸ್ ಆನ್ ಎ ಟ್ರೇನ್’ ಚಿತ್ರದಿಂದ ತಂದದ್ದು. ಅದೂ ವಾಕರ್ ಅವರದೇ ಸಾವಿನ ದೃಶ್ಯ.

ಆಮೇಲೆ ಕಾಲೇಜಿನ ಪದವಿ ಸಮಾರಂಭ. ಖಾಲಿ ವೇದಿಕೆ, ಮೇಲಿಂದ ಒಂದು ಬೆಳಕು, ಟೇಪಿನಲ್ಲಿ ಅವನ ತಪ್ಪೊಪ್ಪಿಗೆ. ಮಾತೆಲ್ಲ ಉಪದೇಶ. ಆದರೆ ಆ ಧ್ವನಿ ಸತ್ತವನದು ಅಂತ ಗೊತ್ತಿದ್ದರೆ ಮಾತು ಕಿವಿಗೇ ಬೀಳುವುದಿಲ್ಲ. ನಾನು ಎರಡು ಸಲ ನೋಡಿದೆ. ಎರಡು ಸಲವೂ ಗಂಟಲು ಕಟ್ಟಿತು.

ಉತ್ತರ 3

ಇದು ಇವತ್ತಿನವರ ಕಣ್ಣಿಗೆ ಮಾತ್ರ ಕಂಡದ್ದಲ್ಲ. 1952ರಲ್ಲೇ ರಾಬರ್ಟ್ ವಾರ್ಷೋ ಅನ್ನುವ ವಿಮರ್ಶಕರು ಈ ಚಿತ್ರವನ್ನು ಕಟುವಾಗಿ ಟೀಕಿಸಿ ಲೇಖನ ಬರೆದರು. ಅವರೂ ಕಮ್ಯುನಿಸಂ ವಿರೋಧಿಯೇ. ಹಾಗಾಗಿ ನಿಮ್ಮ ಅಳುಕನ್ನು ಕಾಲದ ಅಂತರ ಅಂತ ತಳ್ಳಿಹಾಕಬೇಡಿ.

ಇನ್ನೊಂದು ಮಾತು. ಇದೇ ಮೆಕ್ಯಾರಿ 1937ರಲ್ಲಿ ‘ಮೇಕ್ ವೇ ಫಾರ್ ಟುಮಾರೋ’ ಮಾಡಿದ್ದರು. ಮನೆ ಕಳೆದುಕೊಂಡ ವಯಸ್ಸಾದ ಗಂಡಹೆಂಡತಿಯನ್ನು ಮಕ್ಕಳು ಬೇರೆ ಬೇರೆ ಇಡುವ ಕಥೆ. ತಂದೆತಾಯಿಯ ಒಂಟಿತನವನ್ನು ಅಷ್ಟು ಚೆನ್ನಾಗಿ ತೋರಿಸಿದವರು ಕಡಿಮೆ. ‘ಮೈ ಸನ್ ಜಾನ್’ನ ಮೊದಲ ಅರ್ಧದಲ್ಲೂ ಆ ಕೈ ಕಾಣುತ್ತದೆ. ಮಗ ಮನೆಗೆ ಬಂದು, ಇದ್ದೂ ಇಲ್ಲದ ಹಾಗೆ ಇರುತ್ತಾನಲ್ಲ, ಆ ನೋವಿಗೆ ರಾಜಕೀಯ ಬೇಕಿಲ್ಲ. ತಾಯಿಯ ಪಾತ್ರ ಮಾಡಿದ ಹೆಲೆನ್ ಹೇಯ್ಸ್ ಅದನ್ನು ಮುಖದಲ್ಲೇ ತೋರಿಸುತ್ತಾರೆ. ಅದಕ್ಕೆಲ್ಲ ಒಂದೇ ಕಾರಣ ಕಮ್ಯುನಿಸಂ ಅಂತ ಮಾಡಿಬಿಟ್ಟಾಗ ಚಿತ್ರ ಕುಸಿಯುತ್ತದೆ. ನನಗೆ ಅದರ ಮೇಲೆ ಸಿಟ್ಟಿಗಿಂತ ಬೇಸರ ಜಾಸ್ತಿ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಥ್ಯಾಂಕ್ಸ್. ವಾಕರ್ ವಿಷಯ ಗೊತ್ತಿರಲಿಲ್ಲ. ಓದಿ ಸುಮ್ನೆ ಸ್ವಲ್ಪ ಹೊತ್ತು ಕೂತಿದ್ದೆ.

ಮೂರನೆಯವರು ಹೇಳಿದ್ದು ನಮ್ಮ ಮನೆಯಲ್ಲಿ ಕಣ್ಣೆದುರೇ ಆಗಿತ್ತು. ಅಮ್ಮನಿಗೆ ಕಮ್ಯುನಿಸ್ಟ್ ವಿಚಾರ ತಲೆಗೆ ಹೋಗಲಿಲ್ಲ. ಅವಳು ಕೇಳಿದ್ದು ಒಂದೇ. “ಅಷ್ಟು ದಿನ ಆದಮೇಲೆ ಬಂದಿದ್ದಾನೆ, ಅಮ್ಮನ ಹತ್ತಿರ ಎರಡು ಗಳಿಗೆ ಕೂರಬಾರದಾ?”

ಆ ಹರಿದ ಪ್ಯಾಂಟಿನ ಜೇಬಲ್ಲಿ ಬೀಗದ ಕೈ ಸಿಗುತ್ತದಲ್ಲ, ಅಲ್ಲಿಂದ ಅಮ್ಮ ನೆಟ್ಟಗೆ ಕೂತಳು. ತಾಯಿ ಅದನ್ನು ಹಿಡಿದು ವಾಷಿಂಗ್ಟನ್‌ಗೆ ಹೋಗುತ್ತಾಳೆ. ಸಿಕ್ಕಿಬಿದ್ದ ಗೂಢಚಾರ ಹೆಂಗಸಿನ ಮನೆ ಬಾಗಿಲಿಗೆ ಹಾಕಿ ನೋಡುತ್ತಾಳೆ. ಬೀಗ ತೆಗೆಯುತ್ತದೆ. ಆ ಕ್ಷಣ ಅಮ್ಮ ನನ್ನ ಕೈ ಹಿಡಿದುಕೊಂಡಳು.

ಇವತ್ತು ಬೆಳಿಗ್ಗೆ ಕಾಫಿ ಕುಡಿಯುವಾಗ ಕೇಳಿದೆ, ನೀನಾಗಿದ್ದರೆ ಏನು ಮಾಡುತ್ತಿದ್ದೆ ಅಂತ. “ಬಾವಿಗೆ ಹಾಕ್ತಿದ್ದೆ ಕಣೇ ಆ ಬೀಗದ ಕೈನ” ಅಂದಳು. ಸ್ವಲ್ಪ ಹೊತ್ತು ಬಿಟ್ಟು, “ಇಲ್ಲ, ಮೊದಲು ಹೋಗಿ ನೋಡ್ತಿದ್ದೆ” ಅಂದಳು. ಆಮೇಲೆ ಲೋಟ ತೊಳೆಯಲು ಎದ್ದು ಹೋದಳು.