ಅಮ್ಮನ ಮೊಣಗಂಟು: ಸೋಂಕೋ, ಬರೀ ಉರಿಯೂತವೋ?

ಶಂಕರಪುರದವಳು:
ಅಮ್ಮನಿಗೆ ಎಡಗಾಲಿನ ಗಂಟು ಬದಲಿಸಿ 14 ತಿಂಗಳಾಯ್ತು. ದೀಪಾವಳಿವರೆಗೆ ಬೆಳಿಗ್ಗೆ ಐದಕ್ಕೇ ಎದ್ದು ಮಲ್ಲಿಗೆ ಮೊಗ್ಗು ಕೊಯ್ಯುತ್ತಿದ್ದವರು ಈಗ ಬಚ್ಚಲಿಗೂ ಗೋಡೆ ಹಿಡಿದೇ ಹೋಗುವುದು. ಗಂಟು ಮುಟ್ಟಿದರೆ ಬಿಸಿ, ರಕ್ತದಲ್ಲಿ ಉರಿಯೂತ ತೋರಿಸುವ ಸಿಆರ್‌ಪಿ ಜಾಸ್ತಿ ಉಂಟು. ಸೂಜಿ ಹಾಕಿ ನೀರು ತೆಗೆದು, ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಕಲ್ಚರ್‌ಗೆ ಕಳಿಸಿದರೆ ಎಂತದೂ ಬೆಳೆಯಲಿಲ್ಲ. ಅದಕ್ಕೆ ಮೊದಲೇ ಹತ್ತು ದಿನ ಆ್ಯಂಟಿಬಯೋಟಿಕ್ ನುಂಗಿಸಿದ್ದೆವು, ಸೋಂಕಿದ್ದರೂ ಅದರಿಂದ ಬೆಳೆಯದೆ ಇರಬಹುದಂತೆ, ತಪ್ಪು ನಮ್ಮದೇ. ಬೋನ್ ಸ್ಕ್ಯಾನ್‌ನಲ್ಲಿ ಗಂಟಿನ ಸುತ್ತ ಕಪ್ಪಾಗಿ ಬಂತು, ಆದರೆ ಅದರಿಂದ ಸೋಂಕು ಅಂತ ಹೇಳ್ಲಿಕ್ಕಾಗುವುದಿಲ್ಲವಂತೆ. ಇನ್ನು ರಕ್ತ ತೆಗೆದು, ಬಿಳಿ ಕಣಕ್ಕೆ ವಿಕಿರಣದ ಮದ್ದು ಹಿಡಿಸಿ, ವಾಪಸ್ ಹಾಕುವ ಸ್ಕ್ಯಾನ್ ಉಂಟಂತೆ, ಎರಡು ದಿನದ್ದು. ಅದರಲ್ಲಿ ಕಾಣದ್ದು ಇದರಲ್ಲಿ ಹೇಗೆ ಕಾಣುತ್ತದೆ ಮಾರಾಯ್ರೆ?

ಗಾಮಾ ಕ್ಯಾಮೆರಾ (ಮಂಗಳೂರು):
ಅಕ್ಕ, ನಾನು ಈ ಸ್ಕ್ಯಾನ್‌ಗಳನ್ನು ಮಾಡುವ ವಿಭಾಗದ ಟೆಕ್ನಿಷಿಯನ್. ಬೋನ್ ಸ್ಕ್ಯಾನ್‌ನ ಮದ್ದು ಎಲುಬು ಹೊಸದಾಗಿ ಕಟ್ಟಿಕೊಳ್ಳುವ ಕಡೆಗೆ ಹೋಗುತ್ತದೆ. ಗಂಟು ಬದಲಿಸಿ ವರ್ಷ ಕಳೆದರೂ ಆ ರಿಪೇರಿ ನಡೆದೇ ಇರಬಹುದು, ಹಾಕಿದ ಕೃತಕ ಗಂಟು (ಇಂಪ್ಲಾಂಟ್) ಸಡಿಲಾದರೂ ಹಾಗೇ ಕಪ್ಪು.

ಬಿಳಿ ಕಣದ ಸ್ಕ್ಯಾನ್‌ನಲ್ಲಿ ಅಮ್ಮನದೇ ರಕ್ತ 40-50 ಎಂಎಲ್ ತೆಗೆಯುತ್ತೇವೆ. ಸಿರಿಂಜನ್ನು ನೆಟ್ಟಗೆ ನಿಲ್ಲಿಸಿ ಮುಕ್ಕಾಲು ಗಂಟೆ ಬಿಟ್ಟರೆ, ಗಂಜಿಯಲ್ಲಿ ಅಗುಳು ತಳಕ್ಕೆ ಕೂತು ತಿಳಿ ಮೇಲೆ ನಿಲ್ಲುವ ಹಾಗೆ, ಕೆಂಪು ಕಣ ಕೆಳಗಿಳಿಯುತ್ತದೆ. ಮೇಲಿನ ತಿಳಿಯಿಂದ ಬಿಳಿ ಕಣ ಬೇರೆ ಮಾಡಿ ಟೆಕ್ನೀಷಿಯಂ-99ಎಂ ಎಂಬ ವಿಕಿರಣದ ಮದ್ದು ಹಿಡಿಸುವುದು. ನಾಜೂಕಿನ ಕೆಲಸ. ಕಣಕ್ಕೆ ಪೆಟ್ಟಾದರೆ ಗಂಟಿಗೆ ಹೋಗುವ ಬದಲು ಶ್ವಾಸಕೋಶದಲ್ಲೇ ಸಿಕ್ಕಿ ಕೂರುತ್ತದೆ.

ಬ್ಯಾಕ್ಟೀರಿಯಾ ಇದ್ದರೆ ಬಿಳಿ ಕಣ ಬಂದು ಸೇರುತ್ತಲೇ ಇರುತ್ತದೆ. ನಾಲ್ಕು ಗಂಟೆಯ ಚಿತ್ರಕ್ಕಿಂತ ಮರುದಿನದ್ದರಲ್ಲಿ ಆ ಜಾಗ ಗಾಢವಾಗುತ್ತದೆ. ಬರೀ ಉರಿಯೂತವಾದರೆ ಸಾಮಾನ್ಯವಾಗಿ ಇದ್ದಷ್ಟೇ ಇರುತ್ತದೆ, ಇಲ್ಲ ಮಾಸುತ್ತದೆ. ಎರಡು ದಿನ ಬೇಕಾಗುವುದು ಅದಕ್ಕೇ. ಟೆಕ್ನೀಷಿಯಂನ ವಿಕಿರಣ 6 ಗಂಟೆಗೊಮ್ಮೆ ಅರ್ಧಕ್ಕಿಳಿಯುವುದರಿಂದ ಮರುದಿನ ಹೆಚ್ಚು ಹೊತ್ತು ಅಲ್ಲಾಡದೆ ಮಲಗಬೇಕು. ಆ್ಯಂಟಿಬಯೋಟಿಕ್ ತೆಗೊಂಡದ್ದನ್ನು ಅಲ್ಲಿಯೂ ಹೇಳಿ, ಮುಚ್ಚಿಡಬೇಡಿ.

ಕುಂದಾಪ್ರದ ಭಾವ:
ಇಷ್ಟೆಲ್ಲ ಯಾಕೆ, ಪೆಟ್ ಸ್ಕ್ಯಾನ್ ಮಾಡ್ಸಿ. ಒಂದೇ ದಿನ, ಕೆಲಸ ಮುಗೀತು.

ಗಾಮಾ ಕ್ಯಾಮೆರಾ:
ಭಾವ, ಪೆಟ್‌ನಲ್ಲಿ ಹಾಕುವುದು ಸಕ್ಕರೆಯಂಥ ಮದ್ದು. ಉರಿಯೂತದ ಕಣಕ್ಕೂ ಸಕ್ಕರೆ ಬೇಕು, ಸೋಂಕಿನೊಟ್ಟಿಗೆ ಜಗಳ ಆಡುವ ಕಣಕ್ಕೂ ಬೇಕು, ಎರಡೂ ಹೊಳೆಯುತ್ತವೆ. ಇವರಿಗೆ ಬೇಕಾದ್ದು ಆ ಎರಡರ ವ್ಯತ್ಯಾಸ. ಬ್ಯಾಕ್ಟೀರಿಯಾಕ್ಕೇ ಅಂಟುವ ಮದ್ದಿಗಾಗಿ ಸಿಪ್ರೊಫ್ಲೊಕ್ಸಾಸಿನ್ ಎಂಬ ಆ್ಯಂಟಿಬಯೋಟಿಕ್‌ಗೇ ಟೆಕ್ನೀಷಿಯಂ ಸೇರಿಸಿ ನೋಡಿದ್ದರು. ಶುರುವಿನಲ್ಲಿ ದೊಡ್ಡ ಆಸೆ ಇತ್ತು, ಆಮೇಲೆ ಅದೂ ಉರಿಯೂತದಲ್ಲಿ ಕಾಣತೊಡಗಿತು.

ಶಂಕರಪುರದವಳು:
ಈಗ ತಲೆಗೆ ಹೋಯ್ತು, ಉಪಕಾರ ಆಯ್ತು. ಮೊಮ್ಮಗಳನ್ನು ಎತ್ತಿಕೊಳ್ಳಬಹುದಾ? ಅವಳಿಗೆ ಎಂಟು ತಿಂಗಳು.

ಗಾಮಾ ಕ್ಯಾಮೆರಾ:
ಆ ಎರಡು ದಿನ ಮಡಿಲಲ್ಲಿ ಕೂರಿಸಿಕೊಳ್ಳುವುದು ಬೇಡ. ನೀರು ಚೆನ್ನಾಗಿ ಕುಡಿಸಿ.

ಶಂಕರಪುರದವಳು:
ಸ್ಕ್ಯಾನ್ ಮಂಗಳವಾರಕ್ಕೆ ನಿಗದಿಯಾಯ್ತು. ಸ್ಕ್ಯಾನ್, ವಿಕಿರಣ ಯಾವುದಕ್ಕೂ ಅಮ್ಮನಿಗೆ ಹೆದರಿಕೆ ಇಲ್ಲ. ಆ ಎರಡು ಬೆಳಿಗ್ಗೆ ಮೊಗ್ಗು ಕೊಯ್ಯುವವರು ಯಾರು ಅಂತ ನಿನ್ನೆಯಿಂದ ಕೇಳುತ್ತಿದ್ದಾರೆ.